ಏಕಾಗ್ರತೆಯಿಂದ ಆಲಿಸುತ್ತಿದ್ದ ಶಿಕ್ಷಕಿ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿರುವ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಾದ ಶ್ರೀ ಲಕ್ಷ್ಮಣಪ್ಪನವರೇ, ಮುಖ್ಯ ಅತಿಥಿಗಳಾಗಿ ಆಗಮಿಸಿರುವ ವಿಷಯ ಪರಿವೀಕ್ಷಕರಾದ ಶ್ರೀ ಕರಿಬಸಪ್ಪನವರೇ, ಮೈಕು ಕೈಕೊಟ್ಟಾಗಲೆಲ್ಲ ಎದ್ದು ಬಂದು ಅದರ ತಲೆ ತಟ್ಟುತ್ತಿರುವ ಮುಖ್ಯೋಪಾಧ್ಯಾಯರಾದ ಶ್ರೀ ನರಸಿಂಹಯ್ಯನವರೇ, ಸುತ್ತೋಲೆಯ ಆಜ್ಞೆಯ ಮೇರೆಗೆ ಅಕ್ಕಪಕ್ಕದ ಶಾಲೆಗಳಿಂದ ಬಂದಿರುವ ಸಹೋದ್ಯೋಗಿಗಳೇ, ಮೊದಲ ಪಾಳಿ ಮುಗಿಸಿ ಬಂದಿರುವ, ಎರಡನೇ ಪಾಳಿಗೆ ರಜೆ ಹಾಕಿ ಬಂದಿರುವ, ಮೂರನೇ ಪಾಳಿಗೆ ಹೋಗುವ ಮುಂಚೆ ಹೀಗೆ ಬಂದು ಹಾಗೆ ಹೋಗಲಿರುವ ಪೋಷಕರೇ, ಮುಂದುಗಡೆ ಜಮಖಾನದ ಮೇಲೆ ಕುಳಿತಿರುವ ನನ್ನ ಒಂಬತ್ತನೇ ತರಗತಿ ‘ಬಿ’ ವಿಭಾಗದ ಮಕ್ಕಳೇ, ಸಭಿಕರೇ.

ಈಗಷ್ಟೇ ನನಗೆ ಶಾಲು ಹೊದಿಸಿದ್ದೀರಿ. ಹಾರ ಹಾಕಿದ್ದೀರಿ. ಒಂದು ಹಣ್ಣಿನ ಬುಟ್ಟಿಯನ್ನೂ ಕೊಟ್ಟಿದ್ದೀರಿ. ನನ್ನ ತಾತ್ಕಾಲಿಕ ಕೆಲಸವನ್ನು ಖಾಯಂ ಮಾಡಿದ ಆದೇಶವಿರುವ ಲಕೋಟೆ ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಹೂದಾನಿಗೆ ಒರಗಿ ನಿಂತಿದೆ. ಅದನ್ನು ನನ್ನ ಭಾಷಣವಾದ ಮೇಲೆ ಕೊಡುತ್ತಾರೆಂದು ನಿರೂಪಕರು ಘೋಷಿಸಿದರು. ಮೊದಲು ಭಾಷಣ, ಆಮೇಲೆ ಲಕೋಟೆ. ಈ ಕ್ರಮವನ್ನು ಹಾಕಿದವರು ಯಾರೋ ತಿಳಿಯದು, ಅವರಿಗೆ ನನ್ನ ವಿಶೇಷ ವಂದನೆಗಳು. ಲಕೋಟೆ ಮೊದಲು ಸಿಕ್ಕಿದ್ದರೆ ನಾನು ಪ್ರಾಯಶಃ ಇದಕ್ಕಿಂತ ಒಳ್ಳೆಯ ಭಾಷಣ ಮಾಡುತ್ತಿದ್ದೆ.

ಸಭಿಕರೇ, ಇಂದು ನನ್ನನ್ನು ಸನ್ಮಾನಿಸಿರುವುದು ಏತಕ್ಕಾಗಿ? ನಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳೇ ನಡೆಸಿದ ಸಾಹಿತ್ಯ ಚರ್ಚೆಗಾಗಿ. ಆ ಚರ್ಚೆಯನ್ನು ನೋಡಲು ಬಂದಿದ್ದ ಶ್ರೀ ಕರಿಬಸಪ್ಪನವರು ಇಲಾಖೆಗೆ ಬರೆದ ವರದಿಯನ್ನು ಮುಖ್ಯೋಪಾಧ್ಯಾಯರು ನಿಮಗೆಲ್ಲ ಓದಿ ಹೇಳಿದರು. ಅದರಲ್ಲಿ ಒಂದು ವಾಕ್ಯ ನನಗೆ ಬಾಯಿಪಾಠವಾಗಿದೆ: “ಶಿಕ್ಷಕಿ ಶ್ರೀಮತಿ ವೇಣಿಯವರು ಚರ್ಚೆಯಲ್ಲಿ ಎಲ್ಲಿಯೂ ಮಧ್ಯಪ್ರವೇಶಿಸದೆ, ಹಿಂದಿನ ಬೆಂಚಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಏಕಾಗ್ರತೆಯಿಂದ ಆಲಿಸುತ್ತಿದ್ದುದು ಅನುಕರಣೀಯ.”

ಅನುಕರಣೀಯ! ಈ ಒಂದು ಪದ ಎಷ್ಟು ದೂರ ಹೋಯಿತೆಂದರೆ, ಸುತ್ತಮುತ್ತಲಿನ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೋಯಿತು. ಇಂಥದೇ ಚರ್ಚೆ ನಡೆಸಬೇಕು, ಇದೇ ಪದ್ಧತಿಯಲ್ಲಿ ನಡೆಸಬೇಕು, ಪದ್ಧತಿ ತಿಳಿಯದವರು ಶ್ರೀಮತಿ ವೇಣಿಯವರನ್ನು ಸಂಪರ್ಕಿಸಬೇಕು. ಸಂಪರ್ಕಿಸಿದರು. ಪೀಣ್ಯ ಎರಡನೇ ಹಂತದ ಶಾಲೆಯಲ್ಲಿರುವ ನನ್ನ ಗೆಳತಿ ಸವಿತಾ, ಅಗೋ ಅಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಾಳಲ್ಲ, ಫೋನ್ ಮಾಡಿ ಕೇಳಿದಳು: “ಏ ವೇಣಿ, ಕಣ್ಣು ಮೊದಲಿಂದ್ಲೇ ಮುಚ್ಕೋಬೇಕಾ, ಇಲ್ಲ ಮಕ್ಕಳು ಶುರು ಮಾಡಿದ್ಮೇಲಾ? ನಮ್ಮ ಎಚ್ಚೆಮ್ಮು ಕೇಳ್ತಿದಾರೆ ಕಣೇ.” “ಅದು ತಾನಾಗೇ ಮುಚ್ಕೊಳ್ಳತ್ತೆ ಕಣೆ” ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಆದುದರಿಂದ ಇಂದು ನಾನು ಆ ಚರ್ಚೆಗೆ ಹೇಗೆ ಸಿದ್ಧತೆ ನಡೆಸಿದೆ ಎಂಬುದನ್ನು ಮಾತ್ರ ಹೇಳುತ್ತೇನೆ. ನನಗೆ ಕೊಟ್ಟಿರುವ ವಿಷಯವೂ ಅದೇ.

ಸಿದ್ಧತೆ ಶುರುವಾದದ್ದು ನಮ್ಮ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ. ಕರೆದು ಹೇಳಿದರು: “ನೋಡಮ್ಮ ವೇಣಿ, ಮಕ್ಕಳೇ ನಡೆಸೋ ಚರ್ಚೆ ಅಂತೆ. ಮೇಷ್ಟ್ರು ಬಾಯಿ ಬಿಡಂಗಿಲ್ವಂತೆ. ಮೇಷ್ಟ್ರು ಬಾಯಿ ಬಿಡ್ದಂಗೆ ಮಕ್ಳು ಮಾತಾಡ್ಬೇಕು ಅಂದ್ರೆ, ಮುಂಚೆ ಮೇಷ್ಟ್ರು ಎಷ್ಟು ಮಾತು ಕಲ್ಸಿರ್ಬೇಕು ಯೋಚ್ನೆ ಮಾಡು! ನಿನ್ನ ಕೆಲಸ ಖಾಯಮ್ಮಾಗೋದು ಬಿಡೋದು ಇದರ ಮೇಲಿದೆ. ನಾನು ಹೇಳ್ಲಿಲ್ಲ ಅನ್ಬೇಡ.”

ನಾನು ಅನ್ನಲಿಲ್ಲ. ಕಥೆಯನ್ನು ಆರಿಸಿಕೊಂಡೆ. ಚಿಕ್ಕ ಕಥೆ. ಒಂದು ಊರು, ಊರಿಗೆಲ್ಲ ಸೇರಿದ ಜೋಳದ ಹೊಲ. ಅದನ್ನು ಕಾಯಲು ಒಬ್ಬಳು ಹೆಂಗಸನ್ನು ನೇಮಿಸಿರುತ್ತಾರೆ. ಅವಳಿಗೊಂದು ಎಳೆಗೂಸು. ಕೂಸಿಗೆ ಜ್ವರ, ತಾಯಿಗೆ ನಿದ್ದೆಯಿಲ್ಲ. ಒಂದು ಮಧ್ಯಾಹ್ನ ಅಟ್ಟಣೆಯ ಮೇಲೆ ಕುಳಿತವಳಿಗೆ ಕಣ್ಣು ಹತ್ತುತ್ತದೆ. ಎಮ್ಮೆಗಳು ನುಗ್ಗಿ ಬೆಳೆ ಮೇಯುತ್ತವೆ. ಊರಿನವರು ಸೇರಿ, “ಯಾಕೆ ಮಲಗಿದೆ?” ಎಂದು ಕೇಳುತ್ತಾರೆ. ಅವಳು ಉತ್ತರ ಹೇಳುವುದಿಲ್ಲ. ಕಥೆ ಮುಗಿಯುತ್ತದೆ.

ಈ ಕಥೆಯನ್ನೇ ಏಕೆ ಆರಿಸಿದಿರಿ ಎಂದು ಯಾರಾದರೂ ಕೇಳಬಹುದು. ಚಿಕ್ಕದಾಗಿತ್ತು, ಅದಕ್ಕೆ. ಅದಕ್ಕಿಂತ ದೊಡ್ಡದನ್ನು ಓದುವ ಹೊತ್ತಿಗೆ ನಮ್ಮ ಮನೆಯಲ್ಲಿ ಪುಟ್ಟಿ ಏಳುತ್ತಿದ್ದಳು.

ಪುಟ್ಟಿ ನನ್ನ ಮಗಳು. ಆಗ ಅವಳಿಗೆ ಒಂಬತ್ತು ತಿಂಗಳು. ಎಲ್ಲ ಮಕ್ಕಳಂತೆ ಮುದ್ದಾಗಿದ್ದಾಳೆ. ಹುಟ್ಟಿದಾಗಿನಿಂದ ಮೂರನೇ ಪಾಳಿಯ ಕೆಲಸ, ಅಷ್ಟೇ. ಊರೆಲ್ಲ ಮಲಗಿದಾಗ ಅವಳ ಸೈರನ್ನು ಕೂಗುತ್ತದೆ. ನಮ್ಮ ಯಜಮಾನರಿಗೆ ಜಾಲಹಳ್ಳಿಯಲ್ಲಿ ಕೆಲಸ, ಮುಂಜಾನೆ ಬಸ್ಸು. ಅವರದು ದೇವರು ಕೊಟ್ಟ ನಿದ್ದೆ. ದೇವರು ಕೊಟ್ಟದ್ದನ್ನು ಮನುಷ್ಯರು ಕಸಿದುಕೊಳ್ಳಲಾಗದು. ನಾನು ಪ್ರಯತ್ನಿಸಿ ನೋಡಿದ್ದೇನೆ. ಬೆಳಿಗ್ಗೆ ಎದ್ದು ಅವರು ತುಂಬ ನೊಂದುಕೊಂಡು ಹೇಳುತ್ತಾರೆ: “ಎಬ್ಬಿಸ್ಬಾರ್ದಿತ್ತೇನೇ?” “ಎಬ್ಬಿಸಿದೆನಲ್ರೀ.” “ಸರಿಯಾಗಿ ಎಬ್ಬಿಸ್ಬೇಕಿತ್ತು.” ಸರಿಯಾಗಿ ಎಬ್ಬಿಸುವುದು ಹೇಗೆಂಬ ಬಗ್ಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಉಪಕಾರವಾದೀತು.

ನಮ್ಮತ್ತೆ ಸುಬ್ಬಲಕ್ಷ್ಮಮ್ಮನವರು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಪುಟ್ಟಿ ಅವರ ತೊಡೆಯ ಮೇಲಿದ್ದಾಳೆ. ಹಗಲೆಲ್ಲ ಅವರೇ ನೋಡಿಕೊಳ್ಳುತ್ತಾರೆ, ಸುಳ್ಳು ಹೇಳಬಾರದು. ಆದರೆ ರಾತ್ರಿಯ ವಿಷಯ ಬಂದಾಗ ಅವರದೊಂದು ಮಾತಿತ್ತು: “ನಾಲ್ಕು ಹೆತ್ತೆ ಕಣಮ್ಮ ನಾನು. ನಿದ್ದೆ ಇಲ್ಲ ಅಂತ ಒಂದಿನ ಬಾಯಿ ಬಿಟ್ಟೋಳಲ್ಲ.” ಚರ್ಚೆಯ ದಿನ ಗೊತ್ತಾದ ಮೇಲೆ ಇನ್ನೊಂದು ಮಾತು ಸೇರಿತು: “ಆ ಸಾಹೇಬ್ರು ಬಂದ್ಹೋಗ್ಲಿ. ಖಾಯಮ್ಮಾದ್ರೆ ಸರಿ. ಆಗ್ಲಿಲ್ವಾ, ಮನೇಲಿದ್ದು ಮಗು ನೋಡ್ಕೋ. ಮೂರು ಕಾಸಿನ ಟೆಂಪರ್ವರಿಗೆ ಇಷ್ಟು ಒದ್ದಾಟ ಯಾಕೆ? ನಂಗೂ ಮಂಡಿ ನೋವು.”

ಹೀಗೆ ನನ್ನ ಕೆಲಸದ ಬಗ್ಗೆ ಶಾಲೆ ಮತ್ತು ಮನೆ ಎರಡೂ ಒಂದೇ ತೀರ್ಮಾನಕ್ಕೆ ಬಂದಿದ್ದವು. ನಾನೂ ಬಂದೆ. ಚರ್ಚೆ ಅಚ್ಚುಕಟ್ಟಾಗಿ ನಡೆಯಬೇಕು. ಮಕ್ಕಳು ಸ್ವತಂತ್ರವಾಗಿ ಮಾತನಾಡಬೇಕು. ಸ್ವತಂತ್ರವಾಗಿ ಏನು ಮಾತನಾಡಬೇಕೆಂಬುದನ್ನು ನಾನು ಬರೆದುಕೊಡಬೇಕು.

ಚೀಟಿಗಳನ್ನು ಬರೆದೆ. ಪ್ರತಿಯೊಬ್ಬರಿಗೂ ಒಂದು ಚೀಟಿ. ಅಭಿಪ್ರಾಯ ಹೇಳುವವರಿಗೆ ಅಭಿಪ್ರಾಯ, ಪ್ರಶ್ನೆ ಕೇಳುವವರಿಗೆ ಪ್ರಶ್ನೆ, ಅನುಮಾನ ಪಡುವವರಿಗೆ ಅನುಮಾನ. ಮೆಚ್ಚುಗೆಯಿಂದ ತಲೆದೂಗುವುದಕ್ಕೂ ಇಬ್ಬರನ್ನು ನೇಮಿಸಿದ್ದೆ. ಕೊನೆಯ ಚೀಟಿಯಲ್ಲಿ ತೀರ್ಮಾನ: “ಆದುದರಿಂದ ಕರ್ತವ್ಯಪರಾಯಣತೆಯ ಮಹತ್ವವನ್ನು ಪ್ರತಿಪಾದಿಸುವುದೇ ಪ್ರಸ್ತುತ ಕಥೆಯ ಆಶಯವಾಗಿದೆ.” ಚರ್ಚೆಯ ಮುಂದಾಳು ಭಾಗ್ಯಶ್ರೀ. ಆಕ್ಷೇಪಣೆಗೆ ರೇವಣಸಿದ್ದ. ಅವನ ಚೀಟಿಯಲ್ಲಿ ಎರಡು ವಾಕ್ಯಗಳಿದ್ದವು: “ನಾನು ಇದನ್ನು ಒಪ್ಪುವುದಿಲ್ಲ.” ಇದಾದ ಮೇಲೆ ಭಾಗ್ಯಶ್ರೀ ವಿವರಿಸಬೇಕು. ಆಮೇಲೆ, “ಈಗ ಒಪ್ಪುತ್ತೇನೆ.” ರೇವಣಸಿದ್ದ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದ: ಒಪ್ಪುವುದಿಲ್ಲ ಈಗ ಒಪ್ಪುತ್ತೇನೆ. ಮಧ್ಯೆ ನಿಲ್ಲಿಸೋ ಎಂದರೆ, “ಮೇಡಂ, ಆಕಿ ಹೇಳಿದ ಮ್ಯಾಲೂ ನನಗ ಖರೇನ ಒಪ್ಪಿಗಿ ಆಗಲಿಲ್ಲಂದ್ರ?” ಎಂದು ಕೇಳಿದ. “ಖರೇ ಒಪ್ಪದೇ ಇರೋದಕ್ಕೆ ಪೀರಿಯಡ್ಡಲ್ಲಿ ಟೈಮಿಲ್ಲಪ್ಪ” ಎಂದೆ.

ಅಭ್ಯಾಸ ಮಾಡಿಸಿದಾಗ ಆದದ್ದೇನು? ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ಹರಾಜು ನೋಡಿದ್ದೀರಾ? ಅದು ಇದಕ್ಕಿಂತ ನಿಶ್ಶಬ್ದ. ಎಲ್ಲರೂ ತಮ್ಮ ತಮ್ಮ ಚೀಟಿಯನ್ನು ಒಟ್ಟಿಗೇ ಓದಿದರು. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು, “ಮೇಡಂ, ಯಾರಿಗಾದ್ರೂ ಏಟಾಯ್ತಾ?” ಎಂದು ವಿಚಾರಿಸಿದರು. ಸ್ಥಳೀಯ ಹುಡುಗ ರಾಜೇಂದ್ರನಿಗೆ ನಾನು ಅನುಮಾನದ ಚೀಟಿ ಕೊಟ್ಟಿದ್ದೆ. ಅವನು ಬೆಂಚಿನ ಮೇಲೆ ಹತ್ತಿ ನಿಂತು, “ನನಗೊಂದು ಅನುಮಾನ!” ಎಂದು ಕೂಗಿದ ರಭಸಕ್ಕೆ ಎಲ್ಲರಿಗೂ ಅವನ ಬಗ್ಗೆಯೇ ಅನುಮಾನ ಬಂತು. ದಿನವೂ ಅಭ್ಯಾಸ, ದಿನವೂ ಹರಾಜು. ಮನೆಗೆ ಹೋದರೆ ಪುಟ್ಟಿಯ ಸೈರನ್ನು. ಚರ್ಚೆಯ ದಿನ ಬರುವ ಹೊತ್ತಿಗೆ ನಾನು ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ತೂಕಡಿಸಿ, ಇಳಿಯುವ ಸ್ಟಾಪು ದಾಟಿ ದಾಸರಹಳ್ಳಿಗೆ ಹೋಗಿಬಿಟ್ಟಿದ್ದೆ. ಅಲ್ಲಿಂದ ಓಡುತ್ತ ವಾಪಸ್ಸು ಬಂದೆ.

ಸಭಿಕರೇ, ಈಗ ಆ ದಿನದ ವಿಚಾರ.

ಮಧ್ಯಾಹ್ನ ಊಟದ ನಂತರದ ಪೀರಿಯಡ್ಡು. ಕರಿಬಸಪ್ಪ ಸಾಹೇಬರು ಬರುವುದು ಸ್ವಲ್ಪ ತಡವಾಗುತ್ತದೆಂದು ಹೇಳಿ ಕಳಿಸಿದ್ದರು. ನಾನು ಚೀಟಿಗಳನ್ನು ಹಂಚಿದೆ, “ಮಕ್ಕಳೇ, ನಾನು ಹಿಂದಿನ ಬೆಂಚಿನಲ್ಲಿ ಕೂತಿರ್ತೀನಿ, ನಾನು ಇಲ್ಲವೇ ಇಲ್ಲ ಅಂದ್ಕೊಳ್ಳಿ” ಎಂದೆ, ಹಿಂದೆ ಹೋಗಿ ಕುಳಿತೆ. ಎದುರಿಗೆ ಕಡತ ಇಟ್ಟುಕೊಂಡು, ಗಲ್ಲಕ್ಕೆ ಅಂಗೈ ಕೊಟ್ಟೆ. ಕಿಟಕಿಯ ಹೊರಗೆ ಅಧ್ಯಕ್ಷರ ಗೇರ್ ಕಟಿಂಗ್ ಘಟಕದ ಯಂತ್ರದ ಸದ್ದು ಒಂದೇ ಸಮನೆ ಬರುತ್ತಿತ್ತು. ನಿಮಗೆಲ್ಲ ಗೊತ್ತಿದೆ, ಅದು ಜೋಗುಳಕ್ಕಿಂತ ಹೆಚ್ಚು ತಾಳಬದ್ಧವಾಗಿರುತ್ತದೆ. ನನಗೆ ನೆನಪಿರುವುದು ಇಷ್ಟು.

ಹೌದು, ಸಭಿಕರೇ. ಇಡೀ ಚರ್ಚೆಯಲ್ಲಿ ಮಧ್ಯಪ್ರವೇಶಿಸದ ಶಿಕ್ಷಕಿ ಮಧ್ಯಪ್ರವೇಶಿಸುವ ಸ್ಥಿತಿಯಲ್ಲಿರಲಿಲ್ಲ.

ಅಧ್ಯಕ್ಷರೇ, ತಾವು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದಿರಿ. ಬರಬೇಕಾದದ್ದೇ. ಇಂದು ಸಂಜೆಯೂ ತಮ್ಮ ಭಾಷಣದಲ್ಲಿ ಆ ಪ್ರಸಿದ್ಧ ಮಾತನ್ನು ಹೇಳಿದಿರಿ: “ಮಲ್ಗಾಕೆ ಮನೆ ಐತೆ, ಕೆಲ್ಸುಕ್ಕೆ ಬಂದು ಮಲ್ಗಾನು ನಂಗೆ ಬ್ಯಾಡ.” ತಮ್ಮ ಘಟಕದಲ್ಲಿ ಪಾಳಿಯ ನಡುವೆ ಮಲಗಿ ಸಿಕ್ಕಿಬಿದ್ದವರ ಗುರುತಿನ ಚೀಟಿಯನ್ನು ಗೇಟಿನಲ್ಲಿ ತೆಗೆದುಕೊಂಡು ಅಂದೇ ಕಳಿಸುತ್ತೀರಿ. ಇದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗಿಂತ ಚೆನ್ನಾಗಿ ಭಾಗ್ಯಶ್ರೀಗೆ ಗೊತ್ತು. ಅವಳ ತಂದೆ ಕೊಟ್ರಪ್ಪನವರು ತಮ್ಮ ಘಟಕದಲ್ಲೇ ಮೂರನೇ ಪಾಳಿಯಲ್ಲಿದ್ದಾರೆ.

ಆಮೇಲೆ ನಡೆದದ್ದನ್ನು ನಾನು ಮಕ್ಕಳಿಂದ ತುಣುಕು ತುಣುಕಾಗಿ ತಿಳಿದುಕೊಂಡೆ. ಮೊದಲು ನೋಡಿದವನು ರಾಜೇಂದ್ರ. “ಲೋ, ಮೇಡಂ ಔಟು ಕಣೋ!” ಎಂದನಂತೆ. ಇಡೀ ತರಗತಿ ನಗಲು ಬಾಯಿ ತೆರೆಯಿತು. ಆ ಬಾಯಿ ಮುಚ್ಚಿಸಿದವಳು ಭಾಗ್ಯಶ್ರೀ. “ಸುಮ್ಕಿರ್ರೋ! ಮೇಡಂ ಮಲಗ್ಯಾರ. ಹೊರಗ ಗೊತ್ತಾತಂದ್ರ ಕೆಲಸಾ ಹೊಕ್ಕೈತಿ. ಯಾರೂ ಜೋರ್ ಮಾತಾಡಬ್ಯಾಡ್ರಿ. ಮನ್ಯಾಗ ಹೆಂಗ ಇರ್ತೀರಿ, ಹಂಗ ಇರ್ರಿ.”

ಮನೆಯಲ್ಲಿ ಹೇಗಿರುತ್ತೀರೋ ಹಾಗಿರಿ. ಈ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ನನ್ನ ತರಗತಿಯ ಹೆಚ್ಚಿನ ಮಕ್ಕಳ ಮನೆಯೆಂದರೆ ವಠಾರದ ಒಂದು ಕೋಣೆ. ಆ ಕೋಣೆಯಲ್ಲಿ ಹಗಲು ಹೊತ್ತು ಮೂರನೇ ಪಾಳಿಯ ಅಪ್ಪ ಮಲಗಿರುತ್ತಾನೆ. ಅಥವಾ ಆಸ್ಪತ್ರೆಯ ರಾತ್ರಿ ಕೆಲಸ ಮುಗಿಸಿದ ಅಮ್ಮ. ಆ ಮಕ್ಕಳು ಕೊಡವನ್ನು ಗೋಣಿತಾಟಿನ ಮೇಲೆ ಇಡುತ್ತಾರೆ. ನಲ್ಲಿಯನ್ನು ನೂಲಿನಷ್ಟು ತೆರೆಯುತ್ತಾರೆ. ಅನ್ನಕ್ಕೆ ಕುಕ್ಕರ್ ಇಡದೆ ಗಂಜಿ ಬಸಿಯುತ್ತಾರೆ. ಪಿಸುಮಾತಿನಲ್ಲಿ ಜಗಳವಾಡುವುದನ್ನು ಕಲಿತಿದ್ದಾರೆ, ಅದೂ ಸಮಾಧಾನವಾಗುವ ತನಕ. ಟಿವಿಯಲ್ಲಿ ಕ್ರಿಕೆಟ್ ಬಂದರೆ ಸದ್ದು ಪೂರ್ತಿ ಅಡಗಿಸಿ ನೋಡುತ್ತಾರೆ. ಸಿಕ್ಸರ್ ಹೊಡೆದರೆ? ಕೂಗುವಂತಿಲ್ಲ. ಎರಡು ಕೈಗಳನ್ನೂ ತಲೆಯ ಮೇಲೆತ್ತಿ ಅಲ್ಲಾಡಿಸುತ್ತಾರೆ. ಅದೇ ಅವರ ಚಪ್ಪಾಳೆ, ಅದೇ ಸೀಟಿ.

ಸಾಹೇಬರು ಬಂದಾಗ ಬಾಗಿಲಲ್ಲಿ ಭಾಗ್ಯಶ್ರೀ ನಿಂತಿದ್ದಳಂತೆ. ತುಟಿಯ ಮೇಲೆ ಬೆರಳು. ಶಿಕ್ಷಣ ಇಲಾಖೆಯ ಅಧಿಕಾರಿಗೆ ಒಂಬತ್ತನೇ ತರಗತಿಯ ಹುಡುಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು! ಸಾಹೇಬರು ಏನು ಮಾಡಿದರು? ತಲೆಯಾಡಿಸಿದರು. ಒಳಗೆ ಬಂದು, ಕುರ್ಚಿಯನ್ನು ಎಳೆಯದೆ ಎತ್ತಿ ಇಟ್ಟುಕೊಂಡು ಕುಳಿತರು. ಅವರಿಗೆ ಚಹಾ ಹೇಳಲು ಹೋದ ನರಸಿಂಹಯ್ಯನವರು ಪೀರಿಯಡ್ಡು ಮುಗಿಯುವ ತನಕ ಬರಲಿಲ್ಲ. ಸಕ್ಕರೆ ಖಾಲಿಯಾಗಿತ್ತಂತೆ. ಆ ಸಕ್ಕರೆಗೂ ನನ್ನ ವಂದನೆಗಳು.

ಮೆಲುದನಿಯಲ್ಲಿ ಚರ್ಚೆ ಆರಂಭವಾಯಿತು. ಮೊದಲು ಕೈಬಿಟ್ಟದ್ದು ನನ್ನ ಚೀಟಿಗಳನ್ನು. ಬೇಕೆಂದೇ ಅಲ್ಲ. ‘ಕರ್ತವ್ಯಪರಾಯಣತೆಯ ಮಹತ್ವವನ್ನು ಪ್ರತಿಪಾದಿಸುವುದೇ’ ಎಂಬುದನ್ನು ಪಿಸುಮಾತಿನಲ್ಲಿ ಹೇಳಿ ನೋಡಿ. ಉಗುಳು ಹಾರುತ್ತದೆ, ಅರ್ಥ ಹಾರುವುದಿಲ್ಲ. ಗುಟ್ಟಾಗಿ ಹೇಳಬೇಕಾದರೆ ಮಾತು ಚಿಕ್ಕದಿರಬೇಕು, ತನ್ನದಿರಬೇಕು. ಹಾಗಾಗಿ ರಾಜೇಂದ್ರ, “ಕಾಯೋಕೆ ಅಂತ ಇಟ್ಟಿದ್ರು. ಮಲ್ಗಿದ್ಲು. ತಪ್ಪು ತಪ್ಪೇ ಅಲ್ವಾ?” ಎಂದನಂತೆ. ರೇವಣಸಿದ್ದ ಕೈಯೆತ್ತಿ, “ನಾ ಒಪ್ಪಂಗಿಲ್ಲ” ಎಂದ. ಎಲ್ಲರೂ ಅವನು ಮುಂದಿನ ವಾಕ್ಯ ಹೇಳುತ್ತಾನೆಂದು ಕಾದರು. ಅವನು ಹೇಳಲಿಲ್ಲ. ಪೀರಿಯಡ್ಡು ಮುಗಿಯುವ ತನಕವೂ ಒಪ್ಪಲಿಲ್ಲ.

“ಕೂಸಿಗೆ ಜ್ವರ ಬಂದಿತ್ತಲ್ಲ, ಊರಾಗ ಯಾರೂ ಕೂಸು ಹಿಡಕೊಳ್ಳಲಿಲ್ಲೇನು?” ಎಂದು ಕೇಳಿದ. ರಾಜೇಂದ್ರ, “ಅದು ಕಥೇಲಿ ಇಲ್ಲ ಕಣೋ” ಎಂದ. “ಇಲ್ಲ ಅಂತ ನಾನೂ ಅನ್ನಾಕತ್ತೀನಿ. ಯಾಕಿಲ್ಲ?” ಎಂದ ರೇವಣಸಿದ್ದ. ಸಾಹೇಬರು ಈ ಹಂತದಲ್ಲಿ ಪೆನ್ನು ತೆಗೆದರೆಂದು ಮಕ್ಕಳು ಹೇಳುತ್ತಾರೆ.

ಇಲ್ಲಿಂದ ಮುಂದಿನ ಒಂದು ಮಾತು ಮಾತ್ರ ನನ್ನ ಕಿವಿಯಿಂದಲೇ ಕೇಳಿದ್ದು. ನಿದ್ದೆ ತಿಳಿಯಾಗಿ, ಯಂತ್ರದ ಸದ್ದು ದೂರದಿಂದ ಹತ್ತಿರ ಬಂದಿತ್ತು, ಇನ್ನೂ ಕಣ್ಣು ತೆರೆದಿರಲಿಲ್ಲ. ಯಾರೋ ಕನಸಿನಲ್ಲಿ ನನ್ನ ಬಗ್ಗೆ ಮಾತನಾಡುತ್ತಿದ್ದಾರೆ ಎನಿಸಿತು. ಭಾಗ್ಯಶ್ರೀಯ ದನಿ: “ಪಾಳಿ ಅಂದಮ್ಯಾಲೆ ಬಿಡಿಸಾಕ ರಿಲೀವರ್ ಬರಬೇಕಲ? ನಮ್ಮಪ್ಪಂದು ರಿಲೀವರ್ ಬರೂತನಕ ಆತ ಮಿಷನ್ ಬಿಡಂಗಿಲ್ಲ. ಆದ್ರ ರಿಲೀವರ್ ಬಂದೇ ಬರ್ತಾನ. ಈಕಿಗೆ ಬಂದಿಲ್ಲ. ಮೂರೂ ಪಾಳಿ ಈಕೀಗೇ ಹಾಕ್ಯಾರ. ಮಲಗಿದ್ದು ತಪ್ಪಲ್ಲ. ರಿಲೀವರ್ ಯಾರು ಅಂತ ಕೇಳಲಿಲ್ಲ ನೋಡು ಊರನವ್ರು, ಅದು ತಪ್ಪು.” ಮತ್ತೆ ಹೇಳಿದಳು: “ಅದಕ್ಕ ಆಕಿ ಉತ್ರ ಕೊಡಲಿಲ್ಲ. ಯಾಕ ಮಲಗಿದಿ ಅಂದ್ರ ಏನಂತ ಹೇಳ್ತಾಳ? ನಿದ್ದಿ ಬಂದಿತ್ತು ಅಂತನಾ?”

ನಾನು ಕಣ್ಣು ಬಿಟ್ಟಾಗ ಇಡೀ ತರಗತಿ ತಲೆಯ ಮೇಲೆ ಕೈಗಳನ್ನೆತ್ತಿ ಅಲ್ಲಾಡಿಸುತ್ತಿತ್ತು. ಸದ್ದಿಲ್ಲ. ಬರೀ ಕೈಗಳು. ಒಂದು ಕ್ಷಣ ನಾನು ಸತ್ತಿದ್ದೇನೆ ಎಂದುಕೊಂಡೆ. ಸಾಹೇಬರ ವರದಿಯಲ್ಲಿ ಇದನ್ನು “ಸಮ್ಮತಿ ಸೂಚಿಸುವ ನವೀನ ಆಂಗಿಕ ವಿಧಾನ” ಎಂದು ಕರೆಯಲಾಗಿದೆ. ಸವಿತಾಳ ಶಾಲೆಯಲ್ಲಿ ಈಗ ಇದನ್ನು ಡ್ರಿಲ್ ಮೇಷ್ಟ್ರು ಕಲಿಸುತ್ತಿದ್ದಾರಂತೆ.

ಸಾಹೇಬರ ಕುರ್ಚಿ ಅಷ್ಟರಲ್ಲಿ ಖಾಲಿಯಾಗಿತ್ತು. “ಎಲ್ರೋ ಅವರು?” ಎಂದೆ. “ಈಗ ಹೋದ್ರು ಮೇಡಂ” ಎಂದ ರಾಜೇಂದ್ರ. “ಬೂಟು ಬಿಚ್ಚಿ ಕೈಯಲ್ಲಿ ಇಟ್ಕೊಂಡು ಹೋದ್ರು.”

ಬೂಟು ಕೈಯಲ್ಲಿ ಹಿಡಿದುಕೊಂಡೇ? ಹೊಸ ಬೂಟು ಕಚ್ಚಿರಬೇಕು ಎಂದುಕೊಂಡೆ ನಾನು. ಇಂದು ಸಂಜೆಯವರೆಗೂ ಹಾಗೆಯೇ ಅಂದುಕೊಂಡಿದ್ದೆ. ಕ್ಷಮಿಸಿ ಸಾರ್, ಇವತ್ತು ನೀವು ವೇದಿಕೆಯ ಮೆಟ್ಟಿಲು ಹತ್ತುವಾಗ ನೋಡಿದೆ. ಬೂಟು ಬಹಳ ಹಳೆಯದು. ಹಿಮ್ಮಡಿ ಸವೆದಿದೆ. ಅದು ಯಾರನ್ನೂ ಕಚ್ಚುವ ಬೂಟಲ್ಲ.

ಇರಲಿ. ಅದರ ಬಗ್ಗೆ ನಾನು ಇನ್ನೇನೂ ಹೇಳುವುದಿಲ್ಲ. ಅವರ ವರದಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಣ್ಣು ಮುಚ್ಚಿದ್ದೆ, ನಿಜ. ಏಕಾಗ್ರತೆಯಿಂದ, ಅದೂ ನಿಜ. ಒಂಬತ್ತು ತಿಂಗಳಲ್ಲಿ ಅಂಥ ಏಕಾಗ್ರತೆ ನನಗೆ ಒದಗಿದ್ದು ಅದೊಂದೇ ಸಲ.

ಆ ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಕ್ಲಾಸಲ್ಲೇ ಮಲ್ಗಿಬಿಟ್ಯೇನೇ!” ಅತ್ತೆ ನಗಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದರು. “ಆ ಹುಡುಗಿ ಏನಂದ್ಲು ಅಂದೆ? ಇನ್ನೊಂದ್ಸಲ ಹೇಳು” ಎಂದರು. ಹೇಳಿದೆ. ಅವರಿಗೆ ರಿಲೀವರ್ ಎಂಬ ಮಾತು ಹೊಸದಲ್ಲ. ಮಾವನವರು ಜೀವನವಿಡೀ ಪಾಳಿ ಮಾಡಿದವರು. ಇನ್ನಷ್ಟು ಕಾಯಿ ಬಿಡಿಸಿದರು. ಕಾಳುಗಳು ಮೊರದೊಳಗೆ ಬೀಳುತ್ತಿದ್ದವು. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದರು: “ನಂಗೂ ಯಾರೂ ಬರ್ಲಿಲ್ಲ ಕಣಮ್ಮ.”

ಇಷ್ಟೇ. ನಾಲ್ಕು ಹೆತ್ತದ್ದನ್ನು ಅವರು ಆ ದಿನ ಹೇಳಲಿಲ್ಲ. ಮುಂದೆಯೂ ಹೇಳಿಲ್ಲ. ರಾತ್ರಿ ಪುಟ್ಟಿ ಎದ್ದಾಗ ನಾನು ತಡಕಾಡಿದರೆ ತೊಟ್ಟಿಲು ಖಾಲಿ. ಹಜಾರದಲ್ಲಿ ಅತ್ತೆ, ಮಂಡಿಗೆ ಎಣ್ಣೆ ಹಚ್ಚಿಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು. “ಹೋಗು, ನಂದಿದು ಪಾಳಿ” ಎಂದರು.

ಸಭಿಕರೇ, ಸಹೋದ್ಯೋಗಿಗಳೇ, ಈಗ ನೀವೇ ಹೇಳಿ. ಈ ಪದ್ಧತಿಯನ್ನು ನಾನು ನಿಮಗೆ ಹೇಗೆ ಕಲಿಸಲಿ? ಕಣ್ಣು ಮುಚ್ಚುವುದು ಪದ್ಧತಿಯಲ್ಲ. ಕೈಯೆತ್ತಿ ಆಡಿಸುವುದೂ ಪದ್ಧತಿಯಲ್ಲ. ಸಿದ್ಧತೆ ಏನೇನು ಬೇಕೆಂದು ಕೇಳಿದರೆ, ಮಕ್ಕಳಿಗೆ ಕಾಪಾಡಲೇಬೇಕಾದ ಒಂದು ಜೀವ ತರಗತಿಯೊಳಗಿರಬೇಕು; ಇಷ್ಟು ಬಿಟ್ಟು ನನಗೆ ಬೇರೆ ಹೊಳೆಯುತ್ತಿಲ್ಲ. ಅದನ್ನು ಸುತ್ತೋಲೆಯಲ್ಲಿ ಹೇಗೆ ಬರೆಯುವುದೋ ಇಲಾಖೆ ಯೋಚಿಸಲಿ.

ಈ ಶಾಲನ್ನು ನಾನು ವಾಪಸ್ಸು ಕೊಡುವುದಿಲ್ಲ. ಚಳಿಯಿದೆ, ಪುಟ್ಟಿಗೆ ಹೊದಿಸಲಿಕ್ಕೆ ಬೇಕು. ಆದರೆ ಅಧ್ಯಕ್ಷರೇ, ಆ ಲಕೋಟೆಯ ವಿಚಾರ ಬೇರೆ. ಕೆಲಸದ ಹೊತ್ತಿನಲ್ಲಿ ಮಲಗಿದವರಿಗೆ ತಾವು ಏನು ಮಾಡುತ್ತೀರೆಂಬುದು ಗೊತ್ತಿದ್ದೂ ನಾನು ಇಷ್ಟು ಮಾತನಾಡಿದ್ದೇನೆ. ನನಗೆ ಕೆಲಸ ಬೇಕು. ಬಹಳ ಬೇಕು. ಈ ಮಕ್ಕಳು ಹತ್ತನೇ ತರಗತಿಗೆ ಬಂದಾಗ ರೇವಣಸಿದ್ದ ಏನನ್ನು ಒಪ್ಪುವುದಿಲ್ಲ ಎಂದು ನೋಡುವ ಆಸೆಯಿದೆ. ಆದರೆ ಭಾಗ್ಯಶ್ರೀ ನಡೆಸಿದ ಚರ್ಚೆಗೆ ನಾನು ಖಾಯಮ್ಮಾಗಿ, ಅವಳ ಹೆಸರು ಎಲ್ಲೂ ಬಾರದೆ ಹೋದರೆ, ಅವಳು ನನ್ನ ಎದುರಿಗೆ ಬೆಂಚಿನಲ್ಲಿ ಕೂತಿರುತ್ತಾಳಲ್ಲ, ನಾನು ಯಾವ ಕಥೆಯನ್ನು ಅವಳಿಗೆ ಪಾಠ ಮಾಡಲಿ? ತಾವು ಅದನ್ನು ಕೊಟ್ಟರೂ ಸರಿ, ಒಳಗಿಟ್ಟುಕೊಂಡರೂ ಸರಿ, ಕೇಳುವ ಪ್ರಶ್ನೆ ಮಾತ್ರ ಸರಿಯಾಗಿರಲಿ: ಯಾಕೆ ಮಲಗಿದೆ ಎಂದಲ್ಲ.

ಇನ್ನು ವಂದನೆಗಳು. ನರಸಿಂಹಯ್ಯನವರಿಗೆ, ಅವರು ತರಿಸಲಾಗದ ಸಕ್ಕರೆಗೆ, ಕಚ್ಚಲಾಗದಷ್ಟು ಹಳೆಯದಾದ ಒಂದು ಜೊತೆ ಬೂಟಿಗೆ, ಒಂಬತ್ತನೇ ‘ಬಿ’ಗೆ. ಅತ್ತೆಯವರಿಗೆ. ನಮ್ಮ ಮನೆಯಲ್ಲೀಗ ಎರಡು ಪಾಳಿ ಭರ್ತಿಯಾಗಿವೆ, ಮೂರನೆಯದು ಖಾಲಿಯಿದೆ. ದೇವರು ಕೊಟ್ಟ ನಿದ್ದೆಯ ಅರ್ಹ ಅಭ್ಯರ್ಥಿಯೊಬ್ಬರು ಅಲ್ಲಿ ಹಿಂದಿನ ಬಾಗಿಲಿಗೆ ಒರಗಿ ನಿಂತು ಆಕಳಿಸುತ್ತಿದ್ದಾರೆ. ಅವರ ಅರ್ಜಿಯನ್ನು ಈ ರಾತ್ರಿಯೇ ನಿರೀಕ್ಷಿಸುತ್ತೇನೆ.

ಕಡೆಯದಾಗಿ ಒಂದು ಬಿನ್ನಹ. ಮೂರನೇ ಸಾಲಿನಲ್ಲಿ ಪುಟ್ಟಿ ಈಗ ತಾನೇ ಮಲಗಿದ್ದಾಳೆ. ದಯವಿಟ್ಟು ಚಪ್ಪಾಳೆ ಹೊಡೆಯಬೇಡಿ. ಭಾಷಣ ಹಿಡಿಸದಿದ್ದರೆ ಸುಮ್ಮನಿರಿ. ಹಿಡಿಸಿದ್ದರೆ, ಹೇಗೆಂದು ಒಂಬತ್ತನೇ ‘ಬಿ’ಯವರು ತೋರಿಸಿಕೊಡುತ್ತಾರೆ.

ಹಾಂ, ಹಾಗೆ. ಭಾಗ್ಯಶ್ರೀ, ನೀನೂ ಎತ್ತು. ಕೊಟ್ರಪ್ಪನವರು ಎತ್ತಿದ್ದಾರೆ. ಸವಿತಾ, ಅಷ್ಟು ಜೋರಾಗಿ ಅಲ್ಲಾಡಿಸಬೇಡವೇ, ಬಳೆ ಸದ್ದಾಗುತ್ತದೆ. ಕರಿಬಸಪ್ಪನವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ.

ಅಧ್ಯಕ್ಷರು ಈ ಕಡೆ ನೋಡಿದರು, ಆ ಕಡೆ ನೋಡಿದರು. ಒಂದು ಕೈ ಎತ್ತುತ್ತಿದ್ದಾರೆ. ಇನ್ನೊಂದನ್ನೂ ಎತ್ತಿದರು.

ಆ ಕೈಯಲ್ಲಿ ಲಕೋಟೆಯಿದೆ. ಅಲ್ಲಾಡುತ್ತಿದೆ.

ಮೆಲ್ಲಗೆ ಹೇಳುತ್ತೇನೆ, ಎಲ್ಲರಿಗೂ ನಮಸ್ಕಾರ.